ಸತ್ಯಾಂಶ: ಒತ್ತಿ ತಿರುಗಿಸುವ ಮುಚ್ಚಳವನ್ನು ಮಕ್ಕಳು ತೆರೆಯಲಾರರೇ?

"ಒತ್ತಿ ತಿರುಗಿಸುವ ಮುಚ್ಚಳ ಇದ್ದರೆ ಮಕ್ಕಳಿಗೆ ತೆರೆಯಲು ಆಗಲ್ಲ, ಔಷಧಿ ಎಲ್ಲಿಟ್ಟರೂ ಭಯವಿಲ್ಲ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಅಮೆರಿಕದಲ್ಲಿ 1970ರಲ್ಲೇ ಇಂಥ ಮುಚ್ಚಳಗಳಿಗೆ ಕಾನೂನು ಬಂತು. ಅಲ್ಲಿನ ಪರೀಕ್ಷೆ ನೋಡಿ. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳನ್ನು ಜೋಡಿಯಾಗಿ ಕೂರಿಸಿ ಬಾಟಲಿ ಕೊಡುತ್ತಾರೆ. 5 ನಿಮಿಷದಲ್ಲಿ ಆಗದಿದ್ದರೆ, ಹೇಗೆ ತೆರೆಯುವುದೆಂದು ಮಾಡಿ ತೋರಿಸುತ್ತಾರೆ. ಹಲ್ಲು ಬಳಸಿದರೂ ಸರಿ ಅಂತ ಹೇಳಿ ಮತ್ತೆ 5 ನಿಮಿಷ ಕೊಡುತ್ತಾರೆ. 100ರಲ್ಲಿ 80 ಮಕ್ಕಳಿಗೆ ತೆರೆಯಲಾಗದಿದ್ದರೆ ಮುಚ್ಚಳ ಪಾಸ್. ಅಂದರೆ 20 ಮಕ್ಕಳು ತೆರೆದಿದ್ದರೂ ಪಾಸೇ! ಹಿರಿಯರಿಗೆ ತೆರೆಯಲು, ಮತ್ತೆ ಮುಚ್ಚಲು ಸಾಧ್ಯವಾಗಬೇಕು ಎಂಬುದೂ ನಿಯಮ.

ಹಾಗಂತ ಈ ಮುಚ್ಚಳ ಸುಮ್ನೆ ಅಲ್ಲ. ಮಗುವನ್ನು ತಡೆದು ನಿಲ್ಲಿಸುವ ಆ ಕೆಲವು ನಿಮಿಷ ಜೀವ ಉಳಿಸುತ್ತದೆ. ಆದರೆ ಪೂರ್ತಿ ತಿರುಗಿಸಿ ಬಿಗಿ ಮಾಡದಿದ್ದರೆ ಅದು ಮಾಮೂಲಿ ಮುಚ್ಚಳವೇ. ಅಜ್ಜಿಯ ಬಿಪಿ ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿಟ್ಟರಂತೂ ಆ ತಡೆಯೂ ಇಲ್ಲ, ಅಲ್ವಾ? ಔಷಧಿ ಎತ್ತರದಲ್ಲಿ, ಬೀಗದೊಳಗೆ ಇರಲಿ.

ಮಗು ನುಂಗಿದೆ ಅನಿಸಿದರೆ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿ ಅಥವಾ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಹೋಗಿ.