ಎಡಗೈ ಲೇತ್‌ಗಳ ಕಾರ್ಖಾನೆ

ಗೋಡೆಗೆ ಹೂವು, ಜಲಪಾತ, ಓಡುವ ಕುದುರೆ ಹಾಕಿಕೊಂಡವರನ್ನು ಯಾರೂ ಏನೂ ಕೇಳುವುದಿಲ್ಲ. ಲೋಹದ ತುಂಡನ್ನು ಗರಗರ ತಿರುಗಿಸಿ ಕೊರೆಯುವ ಲೇತ್ ಮಷೀನಿನ ಫೋಟೊ ಹಾಕಿದರೆ ಮಾತ್ರ ಎಲ್ಲರೂ ಕೇಳುತ್ತಾರೆ. "ಇದು ಯಾರ ಗ್ಯಾರೇಜು?" "ನಿಮ್ಮ ತಾತಂದು ಫ್ಯಾಕ್ಟರಿ ಇತ್ತಾ?" ಸ್ವಲ್ಪ ಹತ್ತಿರದವರಾದರೆ, "ಇದಕ್ಕೂ ದುಡ್ಡು ಕೊಟ್ರಾ?"

ಕೊಟ್ಟೆವು. ನಮ್ಮ ಹಾಲ್‌ನಲ್ಲಿರುವುದು ಗ್ಯಾರೇಜಲ್ಲ, ಅಮೆರಿಕದ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿರುವ ಥಾಮಸ್ ಎಡಿಸನ್‌ನ ಮಷೀನ್ ಶಾಪ್. ಅಂಗಡಿಯಲ್ಲ, 1887ರಲ್ಲಿ ಕಟ್ಟಿಸಿದ ಪ್ರಯೋಗಾಲಯದ ಯಂತ್ರಗಳ ಕಾರ್ಯಾಗಾರ. ಹೆಂಗಸರ ಗಡಿಯಾರದಿಂದ ಹಿಡಿದು ರೈಲು ಎಂಜಿನ್‌ವರೆಗೆ ಏನು ಬೇಕಾದರೂ ಇಲ್ಲಿ ಮಾಡಬಹುದು ಎಂಬುದು ಅವನ ಹೆಮ್ಮೆ. ಈಗ ಅದು ಮ್ಯೂಸಿಯಂ. ಚಾವಣಿಯ ಉದ್ದಕ್ಕೂ ಕಬ್ಬಿಣದ ಶಾಫ್ಟ್, ಅದರ ತುಂಬ ಪುಲ್ಲಿಗಳು, ಒಂದೊಂದು ಪುಲ್ಲಿಯಿಂದ ಕೆಳಗಿನ ಮಷೀನಿಗೆ ಇಳಿಬಿದ್ದ ಅಗಲದ ಬೆಲ್ಟು. ಒಂದೊಂದು ಮಷೀನಿಗೂ ಅದರದೇ ಮೋಟಾರು ಎನ್ನುವ ಸುಖ ಇನ್ನೂ ಬಂದಿರಲಿಲ್ಲ. ಮೇಲಿನ ಶಾಫ್ಟ್ ತಿರುಗಿದರೆ ಎಲ್ಲರಿಗೂ ಕೆಲಸ, ನಿಂತರೆ ಎಲ್ಲರಿಗೂ ರಜ. ಕಿಟಕಿಯ ಬೆಳಕಿನಲ್ಲಿ ಆ ಬೆಲ್ಟುಗಳ ಸಾಲು ನೋಡಿಯೇ ನಾನು ಮರುಳಾದದ್ದು.

ಕ್ಯಾನ್ವಾಸ್ ಬೇಡ, ಗಾಜಿನಂಥ ಪ್ಲಾಸ್ಟಿಕ್ ಹಾಳೆ, ಅಕ್ರಿಲಿಕ್ ತಗೊಳ್ಳಿ ಅಂತ ಫೋಟೊ ಮಾರುವವರು ಹೇಳಿದರು. ಗಾಜಿನ ಅರ್ಧದಷ್ಟೇ ಭಾರ, ಶೇಕಡ 92ರಷ್ಟು ಬೆಳಕು ಒಳಗೆ ಹಾಯುತ್ತದೆ, ಬಣ್ಣಗಳು ಹೊಳೆಯುತ್ತವೆ. ಎಲ್ಲವೂ ನಿಜವೇ. 1933ರಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂದು, ಯುದ್ಧವಿಮಾನಗಳ ಕಿಟಕಿಯಾಗಿ ಹೆಸರು ಮಾಡಿದ ವಸ್ತು ಅದು. ಗುಂಡಿನ ಮಳೆಯಲ್ಲಿ ಹಾರಿದ್ದಕ್ಕೆ ನಮ್ಮ ಮನೆ ಯಾವ ಲೆಕ್ಕ ಅಂದುಕೊಂಡಿದ್ದೆ.

ಪಾರ್ಸೆಲ್ ಬಂತು. ಮುಂದುಗಡೆ ತೆಳ್ಳಗೆ ಒಂದು ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿದ್ದರು. ಗೋಡೆಗೆ ಹಾಕಿದ ಮೇಲೆ ಕೀಳಬೇಕು. ನಮ್ಮತ್ತೆ ಕೀಳಲು ಬಿಡಲಿಲ್ಲ. "ಇರಲಿ ಬಿಡಿ, ಹೊಸದರ ಹಾಗೇ ಇರುತ್ತೆ." ಅವರ ರೂಮಿನ ಟಿವಿ ರಿಮೋಟ್ ಇವತ್ತಿಗೂ ಕವರಿನೊಳಗೇ ಇದೆ, ಹಾಗಾಗಿ ವಾದ ಮಾಡಿ ಲಾಭವಿಲ್ಲ. ಎಡಿಸನ್‌ನ ಮಷೀನ್ ಶಾಪ್ ಬಹಳ ದಿನ ಮಂಜಿನಲ್ಲಿ ಮುಳುಗಿತ್ತು. ಬಂದವರೆಲ್ಲ ಆ ಹೊಗೆಯ ಎಫೆಕ್ಟನ್ನೇ ಹೊಗಳಿದರು. ಕೊನೆಗೆ ಅದರ ಒಂದು ಮೂಲೆ ತಾನಾಗಿಯೇ ಎದ್ದುಬಂತು, ಉಳಿದದ್ದನ್ನು ಪಕ್ಕದ ಮನೆ ಮಗು ಎಳೆದು ಮುಗಿಸಿತು.

ಫಿಲ್ಮ್ ಹೋಯಿತು, ಧೂಳು ಬಂತು. ಒಣಬಟ್ಟೆಯಲ್ಲಿ ಅಕ್ರಿಲಿಕ್ ಉಜ್ಜಿದರೆ ಅದರ ಮೇಲೆ ಸ್ಥಿರವಿದ್ಯುತ್ ಹುಟ್ಟುತ್ತದೆ. ಹೋದ ಧೂಳು ತನ್ನ ಬಂಧುಬಳಗವನ್ನೂ ಕರೆದುಕೊಂಡು ವಾಪಸು ಬರುತ್ತದೆ. ನನ್ನವಳು ಉಜ್ಜಿದಷ್ಟೂ ಕಾರ್ಖಾನೆ ಹಳೆಯದಾಗುತ್ತಾ ಹೋಯಿತು. ಗಾಜು ಒರೆಸುವ ಸ್ಪ್ರೇ ಹೊಡೆಯಲು ಹೊರಟಳು. ನಾನು ಓಡಿಹೋಗಿ ತಡೆದೆ. ಅಂಥ ಸ್ಪ್ರೇಗಳಲ್ಲಿ ಅಮೋನಿಯಾ ಇದ್ದರೆ ಅಕ್ರಿಲಿಕ್ ಮೈತುಂಬ ಕೂದಲೆಳೆಯಂಥ ಬಿರುಕು ಬಿಡುತ್ತದೆ. ನೀರಲ್ಲಿ ನಾಲ್ಕು ಹನಿ ಸೋಪು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ, ಅಷ್ಟೇ. "ನನ್ನ ಮುಖಕ್ಕೂ ಇಷ್ಟು ನಾಜೂಕಿಲ್ಲ" ಅಂತ ಅವಳು ಬಟ್ಟೆಯನ್ನು ನನ್ನ ಕೈಗೇ ಕೊಟ್ಟು ಹೋದಳು. ಅಂದಿನಿಂದ ಆ ಇಲಾಖೆ ನನ್ನದು.

ಇಷ್ಟರಲ್ಲಿ ಸೋದರಮಾವ ಬಂದರು. ಮಾವ ರಿಟೈರ್ಡ್ ಟರ್ನರ್. ಆಯಸ್ಸಿನ ಮುಕ್ಕಾಲು ಭಾಗ ಲೇತ್ ಮುಂದೆ ನಿಂತವರು. ಗೋಡೆ ಮೇಲಿನ ಮಷೀನ್ ಶಾಪ್ ನೋಡಿ ಕಣ್ತುಂಬಿ ಬರಬಹುದು ಅಂತ ನನ್ನ ಲೆಕ್ಕ. ಅವರು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಲೋ, ಇದು ಉಲ್ಟಾ ಕಣೋ."

ತಲೆಕೆಳಗಾಗಿಲ್ಲವಲ್ಲ ಅಂದೆ. "ತಲೆಕೆಳಗಲ್ಲ, ಎಡಬಲ. ಜಾಬ್, ಅಂದ್ರೆ ಕೊರೆಯೋ ತುಂಡು, ಅದನ್ನ ಕಚ್ಚೋ ಚಕ್ ಯಾವ ಕಡೆ ಇದೆ ನೋಡು. ಬಲಕ್ಕಿದೆ. ಲೇತ್ ಮುಂದೆ ನಿಂತ ಮನುಷ್ಯನಿಗೆ ಚಕ್ ಎಡಕ್ಕಿರಬೇಕು, ಜಾಬಿನ ಇನ್ನೊಂದು ತುದಿಗೆ ಆಸರೆ ಕೊಡೋ ಟೇಲ್‌ಸ್ಟಾಕ್ ಬಲಕ್ಕೆ. ಪ್ರಪಂಚದಲ್ಲೆಲ್ಲಾ ಹಂಗೇ."

"ಎಡಿಸನ್ ಎಡಚ ಇದ್ದಿರಬಹುದು ಮಾವ" ಅಂದಳು ಇವಳು.

"ಅವನು ಎಡಚನಾದರೆ ಲೇತೂ ಎಡಚ ಆಗುತ್ತೇನಮ್ಮಾ?"

ಮಗ ಬುದ್ಧಿ ಉಪಯೋಗಿಸಿದ. "ಫೋಟೊ ಹಿಂದ್ಗಡೆಯಿಂದ ತೆಗೆದಿರಬಹುದಲ್ವಾ ತಾತ?" ಒಳ್ಳೆಯ ಪ್ರಶ್ನೆಯೇ. ಮಾವ ಅದಕ್ಕೂ ಬಗ್ಗಲಿಲ್ಲ. "ಕೈಯಲ್ಲಿ ತಿರುಗಿಸೋ ಚಕ್ರ ನಮ್ಮ ಕಡೆಗೇ ಇದೆ ನೋಡು. ಹಿಂದ್ಗಡೆಯಿಂದ ತೆಗೆದಿದ್ರೆ ಅದು ಆ ಕಡೆಗೆ ಇರ್ತಿತ್ತು." ಮಗ ಮಾರುವವರ ಪುಟ ತೆರೆದು ಮೂಲ ಫೋಟೊ ನೋಡಿದ. ಚಕ್ ಎಡಕ್ಕಿತ್ತು. ಮಾವ ಆ ಮೊಬೈಲ್ ಕಡೆ ತಿರುಗಿಯೂ ನೋಡಲಿಲ್ಲ.

ಆಗಿದ್ದಿಷ್ಟು. ಅಕ್ರಿಲಿಕ್ ಪ್ರಿಂಟಿನಲ್ಲಿ ಶಾಯಿ ಬೀಳುವುದು ಹಾಳೆಯ ಹಿಂಭಾಗಕ್ಕೆ, ನಾವು ನೋಡುವುದು ಮುಂದಿನಿಂದ. ಅದಕ್ಕೇ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಅಚ್ಚು ಹಾಕಬೇಕು. ಅಲ್ಲಿ ಯಾರೋ ಆ ಒಂದು ಬಟನ್ ಒತ್ತಲು ಮರೆತಿದ್ದರು. ಚಿತ್ರದಲ್ಲಿ ಒಂದು ಬೋರ್ಡ್ ಇದ್ದಿದ್ದರೂ ಅಕ್ಷರ ಉಲ್ಟಾ ಬಂದು ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಇದ್ದದ್ದು ಬರೀ ಕಬ್ಬಿಣ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ.

"ಸರ್, ಉಲ್ಟಾ ಅಂತ ಹೇಗೆ ಹೇಳ್ತೀರಾ?"

"ಲೇತ್ ನೋಡಿದರೆ ಗೊತ್ತಾಗುತ್ತೆ."

"ಲೇತ್ ಅಂದ್ರೆ ಏನು ಸರ್?"

ಗೋಡೆ ಮೇಲಿರುವ ಚಿತ್ರದ ಫೋಟೊ ತೆಗೆದು ಕಳಿಸಿ ಅಂದರು. ಅಕ್ರಿಲಿಕ್‌ನ ಫೋಟೊ ತೆಗೆಯಲು ಹೊರಟವರಿಗೆ ಮಾತ್ರ ಆ ಕಷ್ಟ ಗೊತ್ತು. ಅದು ಎದುರಿಗಿರುವ ಎಲ್ಲವನ್ನೂ ತೋರಿಸುತ್ತದೆ. ನಾನು ಕಳಿಸಿದ ಫೋಟೊದಲ್ಲಿ ಮೊಬೈಲ್ ಹಿಡಿದ ನಾನು, ನನ್ನ ಹಿಂದೆ ಟ್ಯೂಬ್‌ಲೈಟ್, ಅದರ ಪಕ್ಕ ಎಡಿಸನ್‌ನ ಶಾಫ್ಟಿಗೇ ಜೋಡಿಸಿದ ಹಾಗೆ ನಮ್ಮ ಸೀಲಿಂಗ್ ಫ್ಯಾನ್. "ಸರ್, ವ್ಯಕ್ತಿ ಇಲ್ಲದ ಫೋಟೊ ಕಳಿಸಿ" ಅಂತ ಉತ್ತರ ಬಂತು. ಪಕ್ಕಕ್ಕೆ ಸರಿದು ಓರೆಯಾಗಿ ತೆಗೆದೆ. ಈಗ ಚೌಕಟ್ಟೇ ಸೊಟ್ಟಗೆ ಕಾಣಿಸಿತು. "ಸರ್, ನಿಮ್ಮ ದೂರು ಚಿತ್ರ ಉಲ್ಟಾ ಇದೆ ಅಂತಲೋ, ಸೊಟ್ಟಗಿದೆ ಅಂತಲೋ?" ಕೊನೆಗೆ ಮನೆಯವರೆಲ್ಲ ಸೇರಿ ನನ್ನ ಹಿಂದೆ ಕಪ್ಪು ಬೆಡ್‌ಶೀಟ್ ಹಿಡಿದರು. ಪ್ರತಿಬಿಂಬ ತಪ್ಪಿಸಲು ಇದೇ ಸರಿಯಾದ ದಾರಿ, ಫೋಟೊಗ್ರಾಫರ್‌ಗಳೂ ಹೀಗೇ ಮಾಡುತ್ತಾರೆ. ಆದರೆ ಅವರ ಬೆಡ್‌ಶೀಟ್‌ ಮೇಲಿಂದ ಸೋದರಮಾವನ ತಲೆ ಇಣುಕುವುದಿಲ್ಲ.

ಆಮೇಲೆ ಮಾವನೇ ಫೋನ್ ಕಸಿದುಕೊಂಡರು. ಚಕ್ ಕೂರುವ ಹೆಡ್‌ಸ್ಟಾಕ್‌ನಿಂದ ಶುರು ಮಾಡಿದರು. ಬೆಲ್ಟನ್ನು ಅಡ್ಡ ತಿರುಚಿ ಹಾಕಿದರೆ ಪುಲ್ಲಿ ಯಾಕೆ ಹಿಂದುಮುಂದಾಗಿ ತಿರುಗುತ್ತೆ ಅನ್ನುವ ಹೊತ್ತಿಗೆ ಆ ಕಡೆಯ ಹುಡುಗ ಹೊಸದನ್ನು ಕಳಿಸುತ್ತೇವೆ ಅಂತ ಒಪ್ಪಿಕೊಂಡ. ಹಳೆಯದನ್ನು ವಾಪಸು ಕಳಿಸುವುದೂ ಬೇಡವಂತೆ. ಮಾವನಿಗೆ ಸಮಾಧಾನವಾಗಲಿಲ್ಲ, ಪಾಠ ಇನ್ನೂ ಅರ್ಧವೂ ಆಗಿರಲಿಲ್ಲ.

ಹೊಸದು ಬಂತು. ಸರಿಯಾಗಿಯೇ ಬಂತು. ಹಳೆಯದನ್ನು ನೋಡಿ ಅಭ್ಯಾಸವಾಗಿದ್ದ ನೆಂಟರೆಲ್ಲ ಒಳಗೆ ಕಾಲಿಟ್ಟ ಕೂಡಲೇ "ಅಯ್ಯೋ, ಇದ್ಯಾಕೆ ಉಲ್ಟಾ ಹಾಕಿದ್ದೀರಿ?" ಅನ್ನತೊಡಗಿದರು. ಒಬ್ಬೊಬ್ಬರಿಗೂ ಚಕ್, ಟೇಲ್‌ಸ್ಟಾಕ್ ವಿವರಿಸಿ ವಿವರಿಸಿ ನಮ್ಮತ್ತೆಯೇ ಈಗ ಅರ್ಧ ಟರ್ನರ್ ಆಗಿದ್ದಾರೆ. ಮಾವನೂ ಬಂದು ನೋಡಿದರು. ಎಡಬಲಕ್ಕೆ ತಲೆಯಾಡಿಸಿ ಒಪ್ಪಿದರು. ಆಮೇಲೆ, "ಇಷ್ಟೊಂದು ಬೆಲ್ಟು, ಒಂದಕ್ಕೂ ಗಾರ್ಡ್ ಹಾಕಿಲ್ವಲ್ಲೋ ಇವರು" ಅಂತ ನನ್ನನ್ನೇ ಬೈದರು.

ಹಳೆಯದನ್ನು ಏನು ಮಾಡುವುದು? ಅದಕ್ಕೂ ಮಾವನೇ ಐಡಿಯಾ ಕೊಟ್ಟರು. ಬೆಡ್‌ರೂಮಿನಲ್ಲಿ ಬೀರುವಿನ ಕನ್ನಡಿಗೆ ಎದುರಾಗಿ ಹಾಕಿದರೆ ಕನ್ನಡಿಯೊಳಗೆ ಎಲ್ಲ ಲೇತ್‌ಗಳೂ ಸರಿಯಾಗಿ ಕಾಣುತ್ತವೆ. ಹಾಕಿದೆವು, ಕಂಡವು. ಬೀರುವಿನ ಬಾಗಿಲು ಅರ್ಧ ತೆರೆದು ತಲೆ ಬಾಚುವಾಗ ಮಾತ್ರ ಬೆಲ್ಟುಗಳ ನಡುವೆ ಮೂಲ ಫೋಟೊದಲ್ಲಿಲ್ಲದ ಒಂದು ಪುಲ್ಲಿ ಕಾಣಿಸಿತು. ದುಂಡಗೆ ಹೊಳೆಯುತ್ತಿತ್ತು. ನಾನು ಅಲ್ಲಾಡಿದರೆ ಅದೂ ಅಲ್ಲಾಡುತ್ತಿತ್ತು. ಹಿಂದೆ ಮುಟ್ಟಿ ನೋಡಿಕೊಂಡೆ. ಅಂಗೈಯಗಲ ಖಾಲಿ.

"ಇದು ಯಾವಾಗಿಂದ ಹೀಗಿದೆ?" ಅಂತ ಇವಳನ್ನು ಕೇಳಿದೆ.

"ಯಾವ್ದು, ಆ ಪುಲ್ಲೀನಾ? ಅದಕ್ಕೂ ಕಸ್ಟಮರ್ ಕೇರ್‌ಗೆ ಫೋನ್ ಮಾಡ್ತೀರಾ?" ಅಂದಳು.