ಕಿವಿ ನೋವನ್ನು ತಡೆದುಕೊಳ್ಳಬೇಡಿ, ಮೇಲೆ ಬನ್ನಿ

ನಮ್ಮ ಆಫೀಸಿನ ಹುಡುಗಿಯೊಬ್ಬಳು ಈ ಶುಕ್ರವಾರ ರಾತ್ರಿ ಮುರುಡೇಶ್ವರಕ್ಕೆ ಹೊರಟಿದ್ದಾಳೆ. ಅಲ್ಲಿನ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದು. ಮೊನ್ನೆ ಊಟದ ಹೊತ್ತಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಕೇಳಿದಳು, "ಅಕ್ಕಾ, ಸ್ವಲ್ಪ ನೆಗಡಿ. ಒಂದು ಮಾತ್ರೆ ತಗೊಂಡು ಇಳಿದ್ರೆ ನಡೆಯುತ್ತೆ ಅಲ್ವಾ?"

ನಡೆಯಲ್ಲ ಅಂದೆ. ಯಾಕೆ ಅಂತ ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಸೀಸನ್ ಶುರುವಾದರೆ ಬೆಂಗಳೂರಿನಿಂದ ವಾರ ವಾರ ಎಷ್ಟೋ ಜನ ಹೀಗೆ ಹೋಗುತ್ತಾರೆ.

ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ನಾನೂ ಹೋಗಿದ್ದೆ, ನೆಗಡಿ ಇಟ್ಟುಕೊಂಡೇ. ದುಡ್ಡು ಮೊದಲೇ ಕಟ್ಟಿಯಾಗಿತ್ತು, ವಾಪಸ್ ಕೊಡಲ್ಲ ಅಂದಿದ್ದರು. ಆರೋಗ್ಯದ ಫಾರ್ಮ್‌ನಲ್ಲಿ ನೆಗಡಿ, ಸೈನಸ್ ಇದೆಯಾ ಅನ್ನುವ ಪ್ರಶ್ನೆ ಇತ್ತು. ಇಲ್ಲ ಅಂತ ಟಿಕ್ ಮಾಡಿದೆ. ತಪ್ಪು ನನ್ನದೇ. ಮೂರು ಮೀಟರ್ ಇಳಿಯುವಷ್ಟರಲ್ಲಿ ಬಲಗಿವಿಯಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಕಿವಿ ತೋರಿಸಿದೆ. ಜೊತೆಗಿದ್ದವರು ಮೂಗು ಹಿಡಿದು ಊದು ಅಂತ ಸನ್ನೆ ಮಾಡಿದರು. ಊದಿದೆ, ಕಿವಿ ಬಿಟ್ಟುಕೊಳ್ಳಲಿಲ್ಲ. ಇನ್ನೂ ಜೋರಾಗಿ ಊದು ಅಂದರು. ಊದುತ್ತಾ ಇನ್ನೊಂದಷ್ಟು ಕೆಳಗೆ ಹೋದೆ. ಒಮ್ಮೆಲೇ ನೋವು ಮಾಯ. ಕಿವಿಯೊಳಗೆ ತಣ್ಣಗೆ ಏನೋ ಹರಿಯಿತು. ಮರುಕ್ಷಣ ಸಮುದ್ರವೇ ಗಿರ್ರನೆ ತಿರುಗತೊಡಗಿತು. ಮೇಲು ಯಾವುದು, ಕೆಳಗು ಯಾವುದು ಗೊತ್ತಾಗಲಿಲ್ಲ. ಬೋಟಿಗೆ ಎಳೆದು ಹಾಕಿದಾಗ ಮಾಸ್ಕ್ ಒಳಗೆ ರಕ್ತ ಇತ್ತು.

ಕಿವಿಯ ತಮಟೆ ಹರಿದಿತ್ತು.

ನಮಗೆಲ್ಲ ಘಾಟಿಯ ಅನುಭವ ಇದೆ. ಬಸ್ ಇಳಿಜಾರು ಹಿಡಿದಾಗ ಕಿವಿ ಗುಂಯ್ ಅಂದು ಅಡಚಿಕೊಳ್ಳುತ್ತದೆ. ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಕರಾವಳಿಗೆ ಇಳಿಯುವಷ್ಟರಲ್ಲಿ ಗಾಳಿಯ ಒತ್ತಡ ಎಷ್ಟು ಹೆಚ್ಚುತ್ತದೋ, ನೀರಿನಲ್ಲಿ ಬರೀ ಒಂದು ಮೀಟರ್ ಇಳಿದರೆ ಅಷ್ಟು ಹೆಚ್ಚುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ಕಿವಿಗೆ ಆಗಿದ್ದು ಇಲ್ಲಿ ಕೆಲವೇ ಸೆಕೆಂಡಿನಲ್ಲಿ ಆಗಿಬಿಡುತ್ತದೆ. 10 ಮೀಟರ್ ಹೋದರೆ ಒತ್ತಡ ಎರಡರಷ್ಟು, ಅದಕ್ಕಿಂತ ಕೆಳಗೆ ಅಷ್ಟು ಬೇಗ ಎರಡರಷ್ಟಾಗುವುದಿಲ್ಲ. ಅದಕ್ಕೇ ಕಿವಿಗೆ ಜಾಸ್ತಿ ಕಷ್ಟ ಕೊಡುವುದು ಮೊದಲ ಕೆಲವು ಮೀಟರ್‌ಗಳೇ. "ನಾವು ಆಳಕ್ಕೆ ಹೋಗಲ್ಲ, ಭಯ ಇಲ್ಲ" ಅನ್ನುವ ಮಾತು ಕಿವಿಯ ಮಟ್ಟಿಗೆ ಸುಳ್ಳು.

ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಜಾಗ ಇದೆ. ಅಲ್ಲಿಂದ ಗಂಟಲಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಕೆ. ನುಂಗಿದಾಗ, ಆಕಳಿಸಿದಾಗ ಅದರ ಬಾಯಿ ತೆರೆದು ಗಾಳಿ ಒಳಗೆ ಹೋಗಿ ಎರಡೂ ಕಡೆ ಒತ್ತಡ ಸಮ ಆಗುತ್ತದೆ. ನೆಗಡಿಯಲ್ಲಿ ಆ ನಳಿಕೆ ಊದಿಕೊಂಡಿರುತ್ತದೆ. ಆಗ ಹೊರಗಿನ ನೀರು ತಮಟೆಯನ್ನು ಒಳಕ್ಕೆ ತಳ್ಳುತ್ತಲೇ ಇರುತ್ತದೆ. ನೋವು ಬರುವವರೆಗೆ ಕಾದರೆ ನಳಿಕೆಯ ಬಾಯಿ ಒತ್ತಡಕ್ಕೆ ಮುಚ್ಚಿಕೊಂಡುಬಿಡಬಹುದು. ಆಮೇಲೆ ಎಷ್ಟು ಊದಿದರೂ ತೆರೆಯುವುದಿಲ್ಲ.

ಮೂಗು ಹಿಡಿದು ಊದುವುದಕ್ಕೆ ವಾಲ್ಸಾಲ್ವಾ ಅನ್ನುತ್ತಾರೆ. ಮೆಲ್ಲಗೆ ಮಾಡಬೇಕು. ಇಳಿಯುವ ಮೊದಲೇ ಶುರು ಮಾಡಿ, ಅರ್ಧ ಮೀಟರ್‌ಗೊಮ್ಮೆ ಮಾಡುತ್ತಾ ಹೋಗಬೇಕು. ಮೂಗು ಹಿಡಿದು ನುಂಗಿದರೂ ಕೆಲವರಿಗೆ ಬಿಡುತ್ತದೆ. ತಲೆ ಮೇಲಾಗಿ, ಹಗ್ಗ ಹಿಡಿದು ಇಳಿದರೆ ಸುಲಭ. ಬಿಡಲಿಲ್ಲವಾ, ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ಆಗಲೂ ಬಿಡಲಿಲ್ಲ ಅಂದರೆ ಅವತ್ತಿನ ಡೈವ್ ಮುಗಿಯಿತು. ಜೋರಾಗಿ ಊದಿದರೆ ತಮಟೆ ಮಾತ್ರ ಅಲ್ಲ, ಒಳಗಿವಿಯ ತೆಳು ಪೊರೆಯೂ ಹರಿಯಬಹುದು. ಹಾಗಾದರೆ ಕಿವುಡು, ತಲೆಸುತ್ತು, ಕಿವಿಯಲ್ಲಿ ಸದಾ ಶಬ್ದ. ಕೆಲವರಿಗೆ ಅದು ಜೀವನಪೂರ್ತಿ ಉಳಿಯುತ್ತದೆ. ಅಂಥ ಲಕ್ಷಣ ಕಂಡರೆ ಸೋಮವಾರ ನೋಡೋಣ ಅಂತ ಬಿಡಬೇಡಿ, ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ.

ಮಾತ್ರೆ, ಮೂಗಿನ ಡ್ರಾಪ್ಸ್ ಹಾಕಿಕೊಂಡು ಇಳಿಯುವುದು ಇನ್ನೂ ಅಪಾಯ. ಇಳಿಯುವಾಗ ಮೂಗು ತೆರೆದಿರುತ್ತದೆ. ಕೆಳಗಿದ್ದಾಗ ಔಷಧಿಯ ಪ್ರಭಾವ ಇಳಿದರೆ ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಇಳಿಯುವಾಗ ಕಷ್ಟ ಆದರೆ ವಾಪಸ್ ಬರಬಹುದು. ಮೇಲೆ ಬರುವಾಗ ಕಷ್ಟ ಆದರೆ ಎಷ್ಟು ಹೊತ್ತು ಕೆಳಗೇ ಇರುತ್ತೀರಿ? ಸಿಲಿಂಡರ್‌ನಲ್ಲಿ ಗಾಳಿ ಇರುವಷ್ಟು ಹೊತ್ತು.

ಒಂದು ಸನ್ನೆಯನ್ನು ದಯವಿಟ್ಟು ನೆನಪಿಡಿ. ನೀರಿನೊಳಗೆ ಹೆಬ್ಬೆರಳು ಮೇಲೆತ್ತಿದರೆ "ಸೂಪರ್" ಅಂತ ಅಲ್ಲ, "ಮೇಲೆ ಹೋಗೋಣ" ಅಂತ. ಆ ಸನ್ನೆ ನನಗೆ ಗೊತ್ತಿತ್ತು. ಜೊತೆಯವರೆಲ್ಲ ಆರಾಮಾಗಿ ಇಳಿಯುತ್ತಿದ್ದರು, ನಾನೊಬ್ಬಳೇ ವಾಪಸ್ ಹೋಗುವುದು ಹೇಗೆ ಅಂತ ಬೆರಳು ಎತ್ತಲಿಲ್ಲ. ಎತ್ತಿದ್ದರೆ ಕಿವಿ ಉಳಿಯುತ್ತಿತ್ತು.

ಮನೆಗೆ ಬಂದ ರಾತ್ರಿ ಅಮ್ಮ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ತಂದಿದ್ದರು. "ಬಾರೇ, ಎರಡು ಹನಿ ಬಿಡ್ತೀನಿ, ನೋವು ಹೋಗುತ್ತೆ" ಅಂದರು. ಚಿಕ್ಕವಳಿದ್ದಾಗಿನಿಂದ ಕಿವಿ ನೋವಿಗೆ ನಮ್ಮ ಮನೆಯಲ್ಲಿ ಅದೇ ಮದ್ದು. ಬೇಡ ಅಂದಾಗ ಬೇಜಾರು ಮಾಡಿಕೊಂಡರು. ಆದರೆ ತಮಟೆ ಹರಿದ ಕಿವಿಗೆ ಎಣ್ಣೆ, ನೀರು ಏನೂ ಹೋಗಬಾರದು, ಸೋಂಕು ಆಗಬಹುದು. ಡಾಕ್ಟರು ಜೋರಾಗಿ ಸೀನಬೇಡಿ, ಮೂಗು ಸೀಟಬೇಡಿ ಅಂದರು. ಎರಡು ತಿಂಗಳು ವ್ಯಾಸಲೀನ್ ಹಚ್ಚಿದ ಹತ್ತಿ ಇಟ್ಟುಕೊಂಡೇ ಸ್ನಾನ ಮಾಡಿದೆ. ತಮಟೆ ತಾನಾಗಿಯೇ ಕೂಡಿಕೊಂಡಿತು. ಹೆಚ್ಚಿನವರಿಗೆ ಹಾಗೇ ಕೂಡಿಕೊಳ್ಳುತ್ತದಂತೆ.

ಟ್ರಿಪ್ ನಡೆಸುವವರಿಗೂ ಒಂದು ಮಾತು. ನೆಗಡಿ ಇದೆ ಅಂದವರಿಗೆ ಬೇರೆ ತಾರೀಕು ಕೊಡಿ. ದುಡ್ಡು ಹೋಗುತ್ತೆ ಅನ್ನುವ ಭಯ ಇದ್ದರೆ ಆ ಫಾರ್ಮ್‌ನಲ್ಲಿ ಯಾರು ನಿಜ ಬರೆಯುತ್ತಾರೆ?

ನಮ್ಮ ಹುಡುಗಿ ಇವತ್ತು ಅವರಿಗೆ ಫೋನ್ ಮಾಡಿ ಬೇರೆ ತಾರೀಕು ಕೇಳಿದ್ದಾಳೆ. ನೋಡಿ ಹೇಳುತ್ತೇವೆ ಅಂದಿದ್ದಾರಂತೆ. ಇನ್ನೂ ಉತ್ತರ ಬಂದಿಲ್ಲ. ಕೊಡದಿದ್ದರೂ ಬೋಟಿನಲ್ಲೇ ಕೂತಿರುತ್ತೇನೆ ಅಂದಿದ್ದಾಳೆ.