ತಲೆಕೆಳಗಾದ ಪ್ರಶ್ನೆಗಳು

ಬೆಂಗಳೂರಿನಲ್ಲಿ ಆರು ತಿಂಗಳು ಸಂಜೆ ತರಗತಿಗೆ ಮಣ್ಣು ಹೊತ್ತು ಫ್ರೆಂಚ್ ಕಲಿತವನು ನಾನು. ಕನ್ನಡದಲ್ಲಾದರೆ ‘ಬಂದರು’ ಎಂಬುದರ ಬಾಲಕ್ಕೊಂದು ‘ಏ’ ಅಂಟಿಸಿದರೆ ಪ್ರಶ್ನೆ ಸಿದ್ಧ. ಫ್ರೆಂಚಿನಲ್ಲಿ ಇಡೀ ವಾಕ್ಯವನ್ನೇ ಶೀರ್ಷಾಸನಕ್ಕೆ ನಿಲ್ಲಿಸಬೇಕು. ‘ವೂ ಝಬಿತೇ’ ಎಂದರೆ ನೀವು ವಾಸಿಸುತ್ತೀರಿ. ಎಲ್ಲಿ ಎಂದು ಕೇಳಲು ‘ಊ ಅಬಿತೇ ವೂ?’ ಎಂದು ತಿರುಗಿಸಬೇಕು. ಹೀಗೆ ತಿರುಗಿಸುವಾಗ ಎರಡು ಸ್ವರಗಳು ಡಿಕ್ಕಿ ಹೊಡೆದರೆ ನಡುವೆ ಎಲ್ಲಿಂದಲೋ ಒಂದು ‘ತ’ಕಾರ ಬಂದು ಕೂರುತ್ತದೆ. ನಮ್ಮ ಆಗಮಸಂಧಿಯ ದೂರದ ನೆಂಟನಿರಬೇಕು.

ಕೆಲಸಕ್ಕೆಂದು ಫ್ರಾನ್ಸಿನ ತುಲೂಸಿಗೆ ಹೋದ ಮೊದಲ ವಾರ, ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗನೊಬ್ಬನಲ್ಲಿ ಕಾಪಿತೋಲ್ ಚೌಕದ ದಾರಿಯನ್ನು ಶಾಸ್ತ್ರೋಕ್ತವಾಗಿ ತಿರುಗಿಸಿ ಕೇಳಿದೆ. ಪಾಪ, ಅವನು ಹೆಡ್‌ಫೋನ್ ತೆಗೆದು, ಬೆನ್ನು ನೆಟ್ಟಗೆ ಮಾಡಿ ನಿಂತ. ಮೆಜೆಸ್ಟಿಕ್ ನಿಲ್ದಾಣದಲ್ಲಿ ಯಾರಾದರೂ ಚಾಲಕನಿಗೆ ‘ಎಲೈ ಸಾರಥಿಯೇ, ಈ ರಥವು ಜಯನಗರದತ್ತ ತೆರಳುವುದೇ?’ ಎಂದರೆ ಹೇಗಿರುತ್ತದೋ ಹಾಗಾಗಿತ್ತಂತೆ. ‘ಅಂತೆ’ ಏಕೆಂದರೆ, ಇದನ್ನು ನನಗೆ ಬಿಡಿಸಿ ಹೇಳಿದವನು ಸಹೋದ್ಯೋಗಿ. ‘ಮಾತಿನಲ್ಲಿ ಯಾರೂ ಅಷ್ಟೆಲ್ಲ ತಿರುಗಿಸುವುದಿಲ್ಲ. ವಾಕ್ಯ ಇದ್ದ ಹಾಗೇ ಇರಲಿ, ಪ್ರಶ್ನಪದವನ್ನು ಕೊನೆಗೆ ಎಸೆದು ಸ್ವರ ಏರಿಸು’ ಎಂದ. ‘ವೂ ಝಬಿತೇ ಊ?’ ಅರೆ, ‘ನೀವು ಇರುವುದು ಎಲ್ಲಿ?’ ಎಂಬ ನಮ್ಮ ಕನ್ನಡವೇ! ಆರು ತಿಂಗಳ ಶುಲ್ಕ ನೆನೆದು ಹೊಟ್ಟೆ ಉರಿಯಿತು.

ಅಂದಿನಿಂದ ಕಂಡಲ್ಲೆಲ್ಲ ಹಾಗೆಯೇ ಎಸೆಯತೊಡಗಿದೆ. ಭಾನುವಾರ ಮನೆಯೊಡತಿ ಊಟಕ್ಕೆ ಕರೆದರು. ಎಪ್ಪತ್ತು ದಾಟಿದ ಹಿರಿಯರು, ಮುತ್ತಿನ ಹಾರ, ಇಸ್ತ್ರಿ ಮಾಡಿದ ಮೇಜುಬಟ್ಟೆ. ಮಣ್ಣಿನ ಪಾತ್ರೆಯನ್ನು ಎರಡೂ ಕೈಯಲ್ಲಿ ತಂದಿಟ್ಟು, ಏನೋ ಪ್ರಶಂಸೆಯನ್ನು ನಿರೀಕ್ಷಿಸುತ್ತ ನನ್ನ ಮುಖ ನೋಡಿದರು. ನಾನು ಬೆರಳು ತೋರಿಸಿ, ಸ್ವರ ಏರಿಸಿ ಕೇಳಿದೆ: ‘ಸೆ ಕ್ವಾ, ಸಾ?’

ಸೌಟು ಗಾಳಿಯಲ್ಲೇ ನಿಂತಿತು. ಗೆಳೆಯರ ನಡುವೆ ಅದು ‘ಇದೇನು?’ ಎಂಬಷ್ಟೇ. ಆದರೆ ಗಂಟೆಗಟ್ಟಲೆ ಒಲೆಯಲ್ಲಿ ಬೆಂದು ಕೆಂಪಗೆ ಕೆನೆಗಟ್ಟಿದ ಕಾಸೂಲೆ ಎಂಬ ಖಾದ್ಯದ ಮುಂದೆ, ಅಡುಗೆ ಮಾಡಿದವರನ್ನೇ ಅತಿಥಿ ಹಾಗೆ ಕೇಳಿದರೆ, ‘ಏನ್ರೀ ಇದು ಅವತಾರ?’ ಎಂದಂತೆ ಕೇಳಿಸಿರಬೇಕು. ‘ಬಿಳಿ ಕಾಳು. ಬಾತುಕೋಳಿ. ಸಾಸೇಜು’ ಎಂದು ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರಂತೆ ಒಂದೊಂದಾಗಿ ಹೇಳಿ ಬಡಿಸಿದರು.

ಎರಡು ತುದಿಗಳ ನಡುವೆ ಒಂದು ಮಧ್ಯಮ ಮಾರ್ಗವಿದೆ: ‘ಕೆಸ್ಕ ಸೆ?’ ಅದೂ ‘ಇದೇನು?’ ಎಂದೇ. ಫ್ರೆಂಚಿನಲ್ಲಿ ಬರೆಯಲು 14 ಅಕ್ಷರ, ಉಚ್ಚರಿಸಲು ಮೂರೇ ತುಣುಕು ಸದ್ದು, ಯಾರಿಗೂ ನೋವಿಲ್ಲ. ನನಗದು ಹೊಳೆದದ್ದು ಊಟ ಮುಗಿಸಿ ಮೆಟ್ಟಿಲು ಹತ್ತುವಾಗ.

ಮುಂದಿನ ಭಾನುವಾರವೂ ಕರೆದರು, ದೊಡ್ಡ ಮನಸ್ಸು. ತಟ್ಟೆ ಖಾಲಿಯಾಗುತ್ತಿದ್ದಂತೆ ಸೌಟು ಹಿಡಿದು, ಒಂದಿಷ್ಟೂ ನಗದೆ, ಅರಮನೆಯ ಪರಿಚಾರಕರ ಧಾಟಿಯಲ್ಲಿ ನನ್ನೆದುರೇ ನನ್ನನ್ನು ‘ಅವರು’ ಮಾಡಿ ಕೇಳಿದರು: ‘ಮಸ್ಯೋ ದೆಝೀರ್-ತ್-ಇಲ್...?’ ಮಹಾಶಯರು ಇನ್ನಷ್ಟು ಬಯಸುವರೇ? ಆ ‘ತ’ಕಾರವನ್ನು ಬೇಕೆಂದೇ ಒತ್ತಿದರು.